ಕೋಟಿನ ಗುಂಡಿಯ ಬೆಲ್ಟು

ಮೇ 6

ಶಾಲೆ ಯೂನಿಫಾರ್ಮಿನ ರಾಶಿ. ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತಲಿಲ್ಲ. ಡಾಕ್ಟರಮ್ಮ ನಿನ್ನೆ ಹೇಳಿದ್ದೇ ತಲೆಯಲ್ಲಿ ಕೊರೆಯುತ್ತಿದೆ. ಹೊಕ್ಕುಳ ಹತ್ತಿರದ ಉಬ್ಬು ಹರ್ನಿಯಾ. ಎರಡನೆಯ ಹೆರಿಗೆಯಿಂದಲೂ ಇತ್ತು, ಈಗ ನಿಂಬೆಹಣ್ಣಿನ ಗಾತ್ರ.

"ಅಲ್ಲಿ ಹೊಟ್ಟೆ ಗೋಡೆ ಸಡಿಲ ಆಗಿದೆ. ಕೆಮ್ಮಿದ್ರೆ, ಭಾರ ಎತ್ತಿದ್ರೆ ಒಳಗಿರೋದು ಹೊರಗೆ ಬರುತ್ತೆ, ಮಲಗಿದ್ರೆ ಒಳಗೆ ಹೋಗುತ್ತೆ. ತಾನಾಗೇ ವಾಸಿಯಾಗಲ್ಲ, ಆಪರೇಶನ್ ಮಾಡಿಸ್ಕೊಳ್ಳಿ. ಗಟ್ಟಿಯಾಗಿ ಒಳಗೆ ಹೋಗದೇ ಇದ್ರೆ, ನೋವು, ವಾಂತಿ ಬಂದ್ರೆ ಕಾಯ್ಬೇಡಿ, ತಕ್ಷಣ ಬನ್ನಿ."

ಶಾಲೆ ಶುರುವಾಗಲಿ, ಆಮೇಲೆ ನೋಡೋಣ. ಈಗ ಮಲಗಿದರೆ ಅಂಗಡಿ ನಾದಿನಿಯ ಕೈಗೆ. ಅವಳು ಗುಂಡಿ ತೂತಿಗೆ ಕಾಜಾ ಹಾಕುವ ಚಂದಕ್ಕೆ... ದೇವರೇ ಗತಿ.

ಮೇ 8

ನಾದಿನಿ ಬಟ್ಟೆ ಥಾನು ಮುಟ್ಟಲು ಬಿಡುತ್ತಿಲ್ಲ. "ಇಳ್ಸಿ ಅತ್ತಿಗೆ! ಡಾಕ್ಟ್ರು ಹೇಳಿದ್ದು ನಿಮಗಾ, ಗೋಡೆಗಾ?" ನಾಲಿಗೆ ನೋಡು! ತನ್ನ ಅಣ್ಣನಿಗೂ ಚಾಡಿ ಹೇಳಿದ್ದಾಳೆ. ಇವರು ಲಾರಿ ತೆಗೆದುಕೊಂಡು ಹೋದವರು ಫೋನಿನಲ್ಲೇ ಬೈದರು.

ಮೇ 11

ಉಪಾಯ ಹೊಳೆಯಿತು! ದಪ್ಪ ಕ್ಯಾನ್ವಾಸಿನ ಪಟ್ಟಿ, ಹಿಂದೆ ಹುಕ್ಕಿನ ಸಾಲು, ನಡುವೆ ಕೋಟಿನ ದೊಡ್ಡ ಗುಂಡಿ, ಅದಕ್ಕೆ ಸ್ಪಂಜು. ಹೊಕ್ಕುಳ ಮೇಲೆ ಕೂತು ಒತ್ತಿ ಹಿಡಿಯುತ್ತದೆ. ಉಬ್ಬು ಮಾಯ. ಕನ್ನಡಿ ಮುಂದೆ ನಿಂತು ಬೀಗಿದೆ. ಹೊಲಿಗೆಯಿಂದ ಆಗದ ಕೆಲಸ ಯಾವುದಿದೆ? ಯಾರಿಗೂ ಹೇಳಿಲ್ಲ.

ಮೇ 19

ನಾದಿನಿ ಊಟಕ್ಕೆ ಹೋದಾಗ ಥಾನು ಎತ್ತಿದೆ. ಏನೂ ಆಗಲಿಲ್ಲ. ನೋಡಿದಿರಾ ಡಾಕ್ಟರಮ್ಮ!

ಮೇ 24, ಮಧ್ಯಾಹ್ನ

ಬೆಳಗ್ಗೆಯಿಂದ ಹೊಟ್ಟೆ ಹಿಂಡುತ್ತಿದೆ. ಒಮ್ಮೆ ವಾಂತಿ. ನಿನ್ನೆಯ ಅನ್ನ ಹಳಸಿತ್ತೇನೋ. ಬೆಲ್ಟು ಇನ್ನೊಂದು ಹುಕ್ಕು ಬಿಗಿದೆ. ನಾದಿನಿ ದುರುಗುಟ್ಟಿ ನೋಡುತ್ತಿದ್ದಾಳೆ. ನೋಡಲಿ. ಈ ಕಾಲರ್ ಒಂದು ಮುಗಿಸಿ—

ಮೇ 28, ಆಸ್ಪತ್ರೆ

ಬದುಕಿದ್ದೇನೆ. ಮೊದಲು ಅದನ್ನು ಬರೆಯಬೇಕು.

ಅವತ್ತು ಮಿಷಿನ್ ಮೇಲೇ ಕುಸಿದೆ. ನಾದಿನಿ ಓಡಿ ಬಂದು ನನ್ನ ಕುರ್ತಾ ಎತ್ತಿದಳು. "ಇದೇನತ್ತಿಗೆ ಇದು!" ಹಿಂದಿನ ಹುಕ್ಕು ಬಿಚ್ಚಲು ಬಾರದೆ, ಬಟ್ಟೆ ಕತ್ತರಿ ತಂದು ಬೆಲ್ಟನ್ನೇ ಕತ್ತರಿಸಿದಳು. ಕೆಳಗೆ ಉಬ್ಬು ಕಲ್ಲಿನಂತಿತ್ತು, ಬಣ್ಣ ಕೆಂಪು ನೀಲಿ. "ಒತ್ತಿ ಒಳಗೆ ತಳ್ಳೇ" ಎಂದೆ. "ಬಾಯ್ ಮುಚ್ಕೊಂಡು ಏಳಿ!" ಎಂದಳು. ಮೊದಲ ಸಲ ಅವಳ ಮಾತು ಕೇಳಿದೆ. ಆಟೋದಲ್ಲಿ ನನ್ನ ತಲೆ ಅವಳ ತೊಡೆಯ ಮೇಲಿತ್ತು.

ಕರುಳು ಸಿಕ್ಕಿಕೊಂಡಿತ್ತಂತೆ, ರಕ್ತ ಓಡಾಟ ನಿಲ್ಲುವುದರಲ್ಲಿತ್ತಂತೆ. ಬಿಡಿಸಿದ ಮೇಲೆ ಬಣ್ಣ ಮರಳಿತು, ಕತ್ತರಿಸಬೇಕಾಗಲಿಲ್ಲ. ಹೊಟ್ಟೆ ಗೋಡೆಯ ತೂತು ಮುಚ್ಚಿ ಒಳಗೆ ಬಲೆಯಂಥ ತೇಪೆ ಇಟ್ಟಿದ್ದಾರೆ, ಕಾಲರಿಗೆ ಕ್ಯಾನ್ವಾಸ್ ಇಟ್ಟ ಹಾಗೆ.

"ಬೆಲ್ಟ್ ಹೊಲ್ದಿದ್ದು ಯಾರ್ರೀ?" ಡಾಕ್ಟರಮ್ಮ ಕೇಳಿದರು.

"ನಾನೇ..."

"ಹೊಲಿಗೆ ಬೊಂಬಾಟ್. ಆದ್ರೆ ಅದು ಕಾಯಿಲೆ ಮುಚ್ಚಿಡ್ತು, ವಾಸಿ ಮಾಡ್ಲಿಲ್ಲ. ಇನ್ನೂ ತಡ ಆಗಿದ್ರೆ ಕರುಳು ಹೋಗ್ತಿತ್ತು. ನೀವೂ ಹೋಗ್ತಿದ್ರಿ."

ಬೈಯಲು ಬಂದ ಗಂಡ ಮಂಚದ ಕಂಬಿ ಹಿಡಿದು ಅತ್ತರು. ಮಕ್ಕಳಿಗೆ ಅಮ್ಮ ಉಳಿದಳು. ಯಾರಿಗೆಲ್ಲ ಕೈ ಮುಗಿಯಲಿ!

ಜೂನ್ 3

ಮನೆ. ಭಾರ ಎತ್ತುವಂತಿಲ್ಲ, ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಯೂನಿಫಾರ್ಮ್ ಅಷ್ಟನ್ನೂ ನಾದಿನಿ ಒಬ್ಬಳೇ ಮುಗಿಸಿದ್ದಾಳೆ. ಕಾಜಾ ಸೊಟ್ಟಗಿವೆ. ಇರಲಿ ಬಿಡು, ಮಕ್ಕಳು ಹಾಕಿಕೊಂಡು ಶಾಲೆಗೆ ಹೋದರಲ್ಲ. ಅವಳಿಗೊಂದು ಒಳ್ಳೆಯ ಮಾತು ಆಡಬೇಕು. ಬಾಯಿಗೇ ಬರುತ್ತಿಲ್ಲ.

ಜೂನ್ 17

ಚೆಕಪ್. "ಕೆಮ್ಮಿ" ಎಂದರು. ಹೆದರಿ ಮಂಚದ ಅಂಚು ಹಿಡಿದುಕೊಂಡೆ. ಕೊನೆಗೆ ಕೆಮ್ಮಿದೆ. ಡಾಕ್ಟರಮ್ಮನ ಬೆರಳಿನಡಿ ಏನೂ ಉಬ್ಬಲಿಲ್ಲ! "ಚೆನ್ನಾಗಿ ಕೂಡಿಕೊಳ್ತಿದೆ" ಎಂದರು.

ಹೊರಗೆ ಬೆಂಚಿನಲ್ಲಿ ಉಗುರು ಕಚ್ಚುತ್ತಿದ್ದ ನಾದಿನಿ ದಡಕ್ಕನೆ ಎದ್ದಳು. "ಏನಂದ್ರು?" ಅವಳ ಮುಖದೆದುರೇ ಕೆಮ್ಮಿ ತೋರಿಸಿದೆ.

"ಥೂ, ಅತ್ತಿಗೆ!" ಮುಖ ಒರೆಸಿಕೊಂಡು ನಕ್ಕಳು. ನಗುತ್ತಲೇ ಅತ್ತಳು. ಇಷ್ಟು ದಿನ ಒಂದು ಹನಿ ಹಾಕಿದವಳಲ್ಲ. "ಅವತ್ತು ನಾನೊಬ್ಳೇ ಇದ್ದೆ. ನಿಮ್ಮ ಕೈ ತಣ್ಣಗಾಗ್ತಿತ್ತು. ಮಕ್ಕಳಿಗೆ ಏನು ಹೇಳ್ಲಿ ಅಂತ ದಾರಿಯುದ್ದಕ್ಕೂ..."

ನನಗೆ ನನ್ನ ನೋವಿನದೇ ಚಿಂತೆಯಾಗಿತ್ತು. ಅವಳು ಹೊತ್ತ ಭಾರ ಕಂಡೇ ಇರಲಿಲ್ಲ. ಎಳೆದು ತಬ್ಬಿಕೊಂಡೆ. "ಹೊಲಿಗೆ, ಅತ್ತಿಗೆ, ಹೊಲಿಗೆ!" ಎಂದು ಹಿಂದೆ ಸರಿದಳು.

"ಬಾರೇ ಇಲ್ಲಿ, ಏನೂ ಆಗಲ್ಲ" ಎಂದೆ.

ಬಂದಳು. ಆಗ ನಾನು ಅವಳಿಗೆ ಆ ಒಳ್ಳೆಯ ಮಾತು ಕೊನೆಗೂ ಆಡಿದೆ: "ನಿನ್ನಿಂದ ಉಳಿದೆ ಕಣೇ, ನಿನ್ನ ಸೊಟ್ಟ ಕಾಜಾನೂ ಚಂದ."