ಗಿಡುಗದ ಕಾಲಿನ ಬಣ್ಣ

ಕಾಲೇಜ್ ಹಾಸ್ಟೆಲ್
29 ನವೆಂಬರ್ 2024

ಪ್ರೀತಿಯ ಅಮ್ಮನಿಗೆ,

ನಿತೇಶ ಮಾಡುವ ನಮಸ್ಕಾರ. ಒಂದು ವಾರದಿಂದ ನಿನ್ನ ಫೋನ್ ಎತ್ತಿಲ್ಲ, ಸಾರಿ. ಜ್ವರಗಿರ ಏನೂ ಇಲ್ಲ, ಹೆದರಬೇಡ. ನೀನು ಸ್ಪೀಕರ್ ಹಾಕಿಯೇ ಮಾತಾಡುತ್ತೀಯ, ತೋಟದ ಲೈನ್‌ಮನೆಗಳ ಅಕ್ಕಪಕ್ಕದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಇದನ್ನು ನೀನೊಬ್ಬಳೇ ಓದಬೇಕು. ಅದಕ್ಕೇ ಪತ್ರ.

ಹೋದ ವಾರ ನಾಪೋಕ್ಲು ಕಡೆಯ ಗದ್ದೆಗಳಿಗೆ ಫೀಲ್ಡ್ ಟ್ರಿಪ್ ಇತ್ತು. ಕರೆಂಟ್ ತಂತಿಯ ಮೇಲೆ ಪಾರಿವಾಳದಷ್ಟೇ ದೊಡ್ಡ ಒಂದು ಗಿಡುಗ ಕೂತಿತ್ತು. ಆಗಾಗ ಹಾರಿ, ಏರೋಪ್ಲೇನ್ ಚಿಟ್ಟೆ ಹಿಡಿದು, ಗಾಳಿಯಲ್ಲೇ ತಿಂದು ಬರುತ್ತಿತ್ತು. ಈ ತಿಂಗಳಲ್ಲಿ ದೂರದಿಂದ ಬರುವ ಸಣ್ಣ ಗಿಡುಗಗಳಲ್ಲಿ ಎರಡು ಜಾತಿಯ ಮರಿಗಳು ಅವಳಿಗಳ ಹಾಗಿರುತ್ತವೆ, ಅದೇ ಮೀಸೆ, ಎದೆಯ ಮೇಲೆ ಅದೇ ಗೆರೆ ಎಂದು ನಮ್ಮ ಬೋಜಪ್ಪ ಸರ್ ಹೇಳಿದರು. ಒಂದರ ಹೆಸರು ಹಾಬಿ. ಇನ್ನೊಂದು ಅಮುರ್, ಇಲ್ಲಿಂದ ಸಮುದ್ರ ದಾಟಿ ಆಫ್ರಿಕಕ್ಕೆ ಹೋಗುತ್ತದಂತೆ. “ಕಾಲು ನೋಡಿ. ಕೆಂಪಾದ್ರೆ ಅಮುರ್, ಹಳದಿ ಆದ್ರೆ ಹಾಬಿ” ಅಂದರು.

ಬೈನಾಕ್ಯುಲರ್ ಮೊದಲು ನನ್ನ ಕೈಗೇ ಬಂತು. ಚೆನ್ನಾಗಿಯೇ ನೋಡಿದೆ. ಹಳದಿ ಸರ್, ಹಾಬಿ ಅಂದೆ. ಕ್ಲಾಸಿನಲ್ಲಿ ನಾನು ಅಷ್ಟು ಧೈರ್ಯವಾಗಿ ಬಾಯಿಬಿಟ್ಟದ್ದು ಅದೇ ಮೊದಲು.

ಪಕ್ಕದಲ್ಲಿದ್ದ ಲಿಖಿತಾ ಬೈನಾಕ್ಯುಲರ್ ಕಿತ್ತುಕೊಂಡು, “ಏ ಮಾರಾಯ, ಕುಂಕುಮದಲ್ಲಿ ಅದ್ದಿದ ಹಾಗಿದೆ. ಕಣ್ಣು ಹಾಸ್ಟೆಲಲ್ಲಿ ಬಿಟ್ಟು ಬಂದ್ಯಾ?” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಫೋಟೋ ದೊಡ್ಡದು ಮಾಡಿ ತೋರಿಸಿದರು. ಆಗಲೂ ನನಗೆ ಅದು ಅರಿಶಿನವೇ.

ಸರ್ ಮಾತ್ರ ನಗಲಿಲ್ಲ. ಸಂಜೆ ಕರೆದು, ಬಣ್ಣದ ಚುಕ್ಕಿಗಳ ಚಿತ್ರ ತೋರಿಸಿ ಒಳಗಿರುವ ನಂಬರ್ ಕೇಳಿದರು. ನನಗೆ ಕಂಡದ್ದು ಬರೀ ಚುಕ್ಕಿ. “ಕೆಂಪು, ಹಸಿರು ಎಲ್ಲ ನಿಂಗೆ ಕಲಸಿಹೋಗುತ್ತೆ, ಹುಟ್ಟಿನಿಂದ ಬಂದದ್ದು, ಔಷಧಿ ಇಲ್ಲ” ಅಂದರು. ಡಿಗ್ರಿ ಮುಗಿಸಬಹುದಂತೆ. ಆದರೆ ಫಾರೆಸ್ಟ್ ರೇಂಜರ್ ಕೆಲಸದ ಮೆಡಿಕಲ್‌ನಲ್ಲಿ ಬಣ್ಣದ ಟೆಸ್ಟ್ ಇರುತ್ತದಂತೆ. ಬೈದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ, ಭುಜ ಹಿಡಿದುಕೊಂಡು ಹೇಳಿದರು.

ಅಮ್ಮ, ಈಗ ಏನು ಮಾಡಲಿ? ಮಗ ರೇಂಜರ್ ಆಗುತ್ತಾನೆ ಎಂದು ನೀನು ನಮ್ಮ ನೆಲ್ಯಹುದಿಕೇರಿಗೆಲ್ಲ ಹೇಳಿದ್ದೀಯ. ಯಾವ ಬಣ್ಣ ನೋಡಿದರೂ ಇದಾದರೂ ನಿಜವಾ ಅನ್ನಿಸುತ್ತದೆ. ಎಲ್ಲ ಬಿಟ್ಟು ಬಂದುಬಿಡಲಾ? ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲಲ್ಲೇ ಇದ್ದವನಿಗೆ ಮನೆಗೆ ಬರುತ್ತೇನೆ ಎಂದು ಕೇಳುವುದು ಹೇಗೆಂದೂ ಗೊತ್ತಿಲ್ಲ. ಒಂದು ಸಲ ‘ಬಾ’ ಅಂತ ಮೆಸೇಜ್ ಹಾಕು, ಸಾಕು.

ಬೆಳಿಗ್ಗೆ ಚಳಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ತೋಟಕ್ಕೆ ಹೋಗು. ಪಕ್ಕದ ಮನೆಯ ಬೆಳ್ಳಿ ಅಜ್ಜಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ನಿತೇಶ

ತಾ.ಕ.: ಮೂರನೇ ಕ್ಲಾಸಿನಲ್ಲಿ ಒಂದು ಭಾನುವಾರ ನಿನ್ನ ಜೊತೆ ಕಾಫಿ ಪಿಕಿಂಗ್‌ಗೆ ಬಂದಿದ್ದೆನಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪಣ್ಣ ನನ್ನ ಚೀಲವನ್ನು ಎಲ್ಲರೆದುರು ಸುರಿದರು. ಕೆಂಪು ಹಣ್ಣಿನ ಜೊತೆ ಅರ್ಧಕ್ಕರ್ಧ ಹಸಿರು ಕಾಯಿ. “ಯಮುನಾ, ನಿನ್ ಮಗ ಹಣ್ಣು ಕೊಯ್ಯೋದಾ, ಗಿಡ ಬೋಳಿಸೋದಾ?” ಅಂದರು. ನೀನು ಅಲ್ಲೇ ಹೊಡೆದೆ. “ಕೊಬ್ಬು ನಿಂಗೆ. ಹಾಸ್ಟೆಲ್‌ಗೆ ಹಾಕ್ತೀನಿ ತಡಿ” ಅಂದೆ. ಜೂನಿನಲ್ಲಿ ಹಾಕಿಯೂ ಬಿಟ್ಟೆ. ಬೇಕಂತ ಕೊಯ್ದದ್ದಲ್ಲ ಅಮ್ಮ. ಅವೆಲ್ಲ ನನಗೆ ಹಣ್ಣಾಗಿಯೇ ಕಂಡಿದ್ದವು.