ಕೆಂಪಂಚಿನ ಪಂಚೆ

ಲಬುವಾನ್,
18 ಜುಲೈ 2021, ಭಾನುವಾರ

ಪ್ರೀತಿಯ ಅಮ್ಮನಿಗೆ, ನಿನ್ನ ಜಲಜ ಮಾಡುವ ನಮಸ್ಕಾರ.

ನಾವು ಮೂವರೂ ಉಸಿರಾಡುತ್ತಿದ್ದೇವೆ. ಈ ವರ್ಷ ಕ್ಷೇಮ ಎನ್ನಲು ಅಷ್ಟು ಸಾಕು. ಫೋನಿನಲ್ಲಿ ಮಾತಾಡೋಣವೆಂದರೆ ನಿನಗೆ ಕಿವಿ ಕೇಳುವುದಿಲ್ಲ, ನಾನು ಕಿರುಚಿದರೆ ನಾಲ್ಕು ಮಹಡಿಗೂ ಕೇಳುತ್ತದೆ. ಅದಕ್ಕೇ ಯಾವಾಗಿನಂತೆ ಕಾಗದ ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ದೊಡ್ಡದು ಮಾಡಿಕೊಂಡು ಓದು. ದೇವೇಂದ್ರಣ್ಣನಿಗೆ ಮಾತ್ರ ತೋರಿಸಬೇಡ, ನನ್ನಾಣೆ. ಶ್ರೀಯಾ ಇಲ್ಲೇ ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತಿದ್ದಾಳೆ. ನಿನ್ನ ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆಯೇ ಹೊರತು ಓದಲು ಬಾರದು. ಇವತ್ತು ಅದೇ ಒಳ್ಳೆಯದಾಯಿತು.

ನೀನು ಇಲ್ಲಿಗೆ ಬಂದಿದ್ದಾಗ, ಕಾರು ಹತ್ತಿ ಕೂರುವಷ್ಟರಲ್ಲಿ ಈ ದ್ವೀಪ ಮುಗಿದೇ ಹೋಗುತ್ತದಲ್ಲೇ ಎಂದು ನಕ್ಕಿದ್ದೆ. ಇಷ್ಟೇ ಜಾಗದಲ್ಲಿ ಕಾಯಿಲೆ ಹಬ್ಬಿದರೆ ಓಡುವುದಾದರೂ ಎಲ್ಲಿಗೆ? ಜೂನ್ ತಿಂಗಳಿಡೀ ಆಂಬುಲೆನ್ಸ್ ಸದ್ದು. ಆಸ್ಪತ್ರೆ ತುಂಬಿತು. ಆಚೆ ದಡಕ್ಕೆ ಹೋಗುವ ಫೆರಿಯಲ್ಲಿ ನಮ್ಮಂಥವರನ್ನು ಹತ್ತಿಸುತ್ತಿರಲಿಲ್ಲ. ಕೆಳಗಿನ ಮನೆಯ ಅಜ್ಜ ತಾವೇ ಬರಿಗಾಲಲ್ಲಿ ನಡೆದು ಹೋಗಿ ಆಂಬುಲೆನ್ಸ್ ಹತ್ತಿದರು, ಮರಳಿ ಬರಲಿಲ್ಲ. ಅವರ ಚಪ್ಪಲಿ ಇನ್ನೂ ಮೆಟ್ಟಿಲ ಹತ್ತಿರವೇ ಇದೆ, ತೆಗೆಯಲು ಯಾರಿಗೂ ಮನಸ್ಸು ಬಂದಿಲ್ಲ.

ನಿನ್ನ ಅಳಿಯನ ವಿಷಯ ಅರ್ಧ ಹೇಳಿದ್ದೆ, ಉಳಿದರ್ಧ ಕೇಳು. ಹಡಗಿನ ಎಂಜಿನ್ ಕೆಲಸ ಕಲಿಸುವ ಇವರ ಕಾಲೇಜು ಮುಚ್ಚಿದೆ. ಮೊದಲು ಅರ್ಧ ಸಂಬಳ ಎಂದರು, ಆಮೇಲೆ ಅದೂ ನಿಂತಿತು. ಮಾಲೀಕರು ಕೌಲಾಲಂಪುರದಲ್ಲಿ ಕೂತು ಫೋನ್ ಎತ್ತುವುದಿಲ್ಲ. ನನ್ನ ವೀಸಾದಲ್ಲಿ ನಾನು ದುಡಿಯುವಂತಿಲ್ಲ. ಆದರೂ ಇವರು ದಿನಾ ಬೆಳಗ್ಗೆ ಶರಟಿಗೆ ಇಸ್ತ್ರಿ ಮಾಡಿ ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಆ ಕಡೆ ಪಾಠ ಕೇಳಲು ಒಬ್ಬ ಹುಡುಗನೂ ಇಲ್ಲ ಅಮ್ಮ.

ಮೂರು ಹೊತ್ತೂ ಗಂಜಿ. ಈ ಸೆಕೆಗೆ ಗಂಜಿಯೇ ತಂಪು ಎನ್ನುತ್ತಾರೆ ಇವರು, ವೈದ್ಯರ ಹಾಗೆ. ಶ್ರೀಯಾ "ಅಗೇನ್?" ಎಂದು ಒಮ್ಮೆ ಕೇಳಿ ಬಟ್ಟಲು ಎತ್ತಿಕೊಳ್ಳುತ್ತಾಳೆ. ನಿನ್ನ ಮಿಡಿ ಉಪ್ಪಿನಕಾಯಿಯ ಜಾಡಿಗೆ ನೀರು ಹಾಕಿ ಕುಲುಕಿ ಅದನ್ನೂ ಬಡಿಸಿದ್ದಾಯಿತು. ದೇವೇಂದ್ರಣ್ಣನಿಗೆ ಒಂದು ಮಾತು ಹೇಳಿದರೆ ನಾಳೆಯೇ ಹಣ ಬರುತ್ತದೆ, ಗೊತ್ತು. ಇವರು ಒಪ್ಪಬೇಕಲ್ಲ! ಹೆಣ್ಣು ಕೊಟ್ಟವರ ಮುಂದೆ ಕೈಯೊಡ್ಡಿದರೆ ಮತ್ತೆ ಆ ಅಂಗಳ ತುಳಿಯಲಾರೆ ಎಂದುಬಿಟ್ಟಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನೀನು ಹೇಳುತ್ತಿದ್ದೆಯಲ್ಲ, ಅದೇ. ಈಗ ಜುಟ್ಟೂ ಉದುರುತ್ತಿದೆ, ಆ ಮಾತು ಬೇರೆ.

ಈಚೆಗೆ ಇಲ್ಲಿ ಒಂದು ಹೊಸ ಕ್ರಮ ಶುರುವಾಗಿದೆ. ಊಟಕ್ಕಿಲ್ಲದವರು ಕಿಟಕಿಗೊಂದು ಬಿಳಿ ಬಟ್ಟೆಯನ್ನು ಧ್ವಜದ ಹಾಗೆ ಕಟ್ಟಿದರೆ ಸಾಕು, ಬಾಯಿಬಿಟ್ಟು ಕೇಳಬೇಕಿಲ್ಲ. ಕಂಡವರು ಬಾಗಿಲಲ್ಲಿ ಅಕ್ಕಿ, ಎಣ್ಣೆ ಇಟ್ಟು ಹೋಗುತ್ತಾರೆ. ಎರಡನೇ ಮಹಡಿಯಲ್ಲೊಬ್ಬರು ತಲೆದಿಂಬಿನ ಕವರು ಕಟ್ಟಿದರು. ಅದನ್ನು ಕಂಡು ಇವರೇನು ಮಾಡಿದರು ಗೊತ್ತೇ? ನಮ್ಮ ಡಬ್ಬಿಯಲ್ಲಿದ್ದ ಅಕ್ಕಿಯಲ್ಲೇ ಅರ್ಧ ಸುರಿದುಕೊಂಡು ಹೋಗಿ ಕೊಟ್ಟು ಬಂದರು. ಇವರ ಅಜ್ಜನ ಮನೆಯಲ್ಲಿ ಮಧ್ಯಾಹ್ನ ಬಂದವರ ಹೆಸರು ಕೇಳುವ ಮೊದಲೇ ಎಲೆ ಹಾಕುತ್ತಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು. ಸುಳ್ಳೇಕೆ, ಉರಿಯ ಜೊತೆಗೇ ಈ ಮನುಷ್ಯನ ಮೇಲೆ ಪ್ರೀತಿಯೂ ಉಕ್ಕಿತು. ಆದರೆ ಪ್ರೀತಿಯನ್ನು ಬೇಯಿಸಿ ಬಡಿಸಲು ಬರುತ್ತದೆಯೇ?

ಆಮೇಲೆ ಆದದ್ದು ಕೇಳಿದರೆ ನೀನು ನಗುತ್ತೀಯ. ದೀಪಾವಳಿಗೆ ನೀನು ಇವರಿಗೆ ಕೊಟ್ಟ ಕೆಂಪಂಚಿನ ಪಂಚೆ ಇದೆಯಲ್ಲ, ಅದನ್ನು ಒಗೆದಿದ್ದೆ. ಹಿಂದಿನ ಹಗ್ಗದಲ್ಲಿ ಜಾಗವಿರಲಿಲ್ಲವೆಂದು ಮುಂದಿನ ಕಿಟಕಿಯ ಸರಳಿಗೆ ಹರವಿದೆ. ಒಂದು ಗಳಿಗೆಯಲ್ಲಿ ಬಾಗಿಲು ಬಡಿದ ಸದ್ದು. ಎದುರು ಕಟ್ಟಡದ ಕಾಕ್ ರೋಹಾನಿ, ಕಾಕ್ ಎಂದರೆ ಇಲ್ಲಿ ಅಕ್ಕ, ಒಂದು ದೊಡ್ಡ ಚೀಲ ಇಟ್ಟು ಮೆಟ್ಟಿಲ ಹತ್ತಿರ ನಿಂತಿದ್ದಾರೆ. ಅಕ್ಕಿ, ಬೇಳೆ, ಎಣ್ಣೆ, ಬಿಸ್ಕತ್ತು, ಮೇಲೊಂದು ಮೀನಿನ ಡಬ್ಬಿ! ಇವರ ಮುಖ ನೋಡಬೇಕಿತ್ತು. ಇದು ಧ್ವಜವಲ್ಲ, ನನ್ನ ಅತ್ತೆ ಕೊಟ್ಟ ಪಂಚೆ, ನಾವು ಉಡುವ ಬಟ್ಟೆ ಎಂದು ಪಾಠ ಮಾಡುವವರಂತೆ ವಿವರಿಸಿ ಚೀಲವನ್ನು ಹಿಂದಕ್ಕೆ ನೀಡಿದರು. ಆಕೆ ಮುಟ್ಟಲಿಲ್ಲ. ಮೊಣಕಾಲು ನೋವಿನಲ್ಲಿ ನಾಲ್ಕು ಮಹಡಿ ಹೊತ್ತು ತಂದಿದ್ದೇನೆ, ಮತ್ತೆ ಹೊತ್ತು ಇಳಿಯಲಾರೆ ಎಂದು ಹೇಳಿ ಮೆಟ್ಟಿಲ ಸರಳು ಹಿಡಿದುಕೊಂಡು ಇಳಿದೇ ಹೋದರು.

ಇಷ್ಟಗಲದ ಕೆಂಪಂಚು ಆ ಹೆಂಗಸಿನ ಕಣ್ಣಿಗೆ ಬೀಳಲಿಲ್ಲವೇ ಎಂದು ಇವರು ಗೊಣಗಿದರು. ತಾವೇ ಇಳಿದು ಹೋಗಿ ಕೊಟ್ಟು ಬರುತ್ತೇನೆಂದು ಚೀಲ ಎತ್ತಿದರು. ಆಗ ಶ್ರೀಯಾ ಬಿಸ್ಕತ್ತಿನ ಪೊಟ್ಟಣದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು:

"ಅಪ್ಪಾ, ಲೆಟ್ ದೆಮ್ ಬಿ ರಾಂಗ್."

ತಪ್ಪು ತಿಳಿದುಕೊಂಡರೆ ತಿಳಿದುಕೊಳ್ಳಲಿ ಬಿಡಿ ಎಂದು. ಇವರು ಚೀಲ ಕೆಳಗಿಟ್ಟರು. ಅವತ್ತು ಮಗುವಿಗೆ ಅನ್ನ, ತೊವ್ವೆ ಮಾಡಿ ಬಡಿಸಿದೆ. ಇವರು ಬೆಳಗಿನ ಗಂಜಿಯನ್ನೇ ಕುಡಿದರು. ಪಂಚೆಯನ್ನು ತಾವೇ ತೆಗೆದು ಮಡಚಿ ಕಪಾಟಿನಲ್ಲಿಟ್ಟು, ಇನ್ನು ಮೇಲೆ ಇದನ್ನು ಮುಂದಿನ ಕಿಟಕಿಗೆ ಹಾಕಬೇಡ ಎಂದರು. ಮೀನಿನ ಡಬ್ಬಿ ಎರಡನೇ ಮಹಡಿಗೆ ಹೋಯಿತು.

ಆ ಚೀಲವೂ ಮೊನ್ನೆ ಮುಗಿಯಿತು. ನೀನು ಚಿಂತೆ ಮಾಡಬೇಡ, ಹೇಗೋ ನಡೆಯುತ್ತದೆ. ಔಷಧಿ ತಪ್ಪಿಸಬೇಡ. ಎರಡನೇ ಲಸಿಕೆಗೆ ಅಣ್ಣನ ಜೊತೆ ಹೋಗಿ ಬಾ.

ನಿನ್ನ ಮಗಳು,
ಜಲಜಾಕ್ಷಿ

ತಾ. ಕ.: ಅಮ್ಮ, ಸಹಿ ಹಾಕಿ, ಫೋಟೋಗೆ ಬೆಳಕು ಬೇಕೆಂದು ಮುಂದಿನ ಕೋಣೆಗೆ ಹೋಗಿದ್ದೆ. ಈಗ ಮತ್ತೆ ಅಡುಗೆಮನೆಗೆ ಬಂದು ಬರೆಯುತ್ತಿದ್ದೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಅವತ್ತು ಹಿಂದಿನ ಹಗ್ಗದಲ್ಲಿ ಬೇಕಾದಷ್ಟು ಜಾಗವಿತ್ತು. ಪಂಚೆ ಕೊಳೆಯೂ ಆಗಿರಲಿಲ್ಲ. ಕೆಂಪಂಚು ಕಾಣದ ಹಾಗೆ ಒಳಗೆ ಮಡಚಿ, ಕ್ಲಿಪ್ಪು ಹಾಕಿ ಕಟ್ಟಿದವಳು ನಾನೇ. ಇವರಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದೆ.

ಈಗ ನೋಡಿದರೆ ಮುಂದಿನ ಕಿಟಕಿಯಲ್ಲಿ ಬೆಳಕೇ ಇಲ್ಲ. ಪಂಚೆ ತೂಗುತ್ತಿದೆ. ಅಂಚನ್ನು ಇವರು ನನಗಿಂತ ನೀಟಾಗಿ ಒಳಗೆ ಮಡಚಿದ್ದಾರೆ. ಇಸ್ತ್ರಿ ಶರಟು ಹಾಕಿಕೊಂಡು ಲ್ಯಾಪ್‌ಟಾಪ್ ನೋಡುತ್ತಾ ಕೂತಿದ್ದಾರೆ, ನನ್ನ ಕಡೆ ತಿರುಗಲಿಲ್ಲ.

ದೇವೇಂದ್ರಣ್ಣನಿಗೆ ಈ ಕಾಗದ ತೋರಿಸು.