ಗಚ್ಚಿಯ ಮೇಲಿನ ಬರಣಿ

ಅಪ್ಪಾ,

‘ಡಿಯರ್ ಅಪ್ಪಾ’ ಎಂದು ಬರೆದು ಹೊಡೆದುಹಾಕಿದೆ. ಧಾರವಾಡದ ಹಾಸ್ಟೆಲಿನಿಂದ ಹಾಗೇ ಬರೆಯುತ್ತಿದ್ದೆನಲ್ಲ. ವಾರ್ಡನ್ ಬಾಯಿ ಬೋರ್ಡಿನ ಮೇಲೆ ಬರೆದದ್ದನ್ನು ಹುಡುಗಿಯರೆಲ್ಲ ಕಾಪಿ ಮಾಡುತ್ತಿದ್ದೆವು: ‘ಐ ಆಮ್ ವೆಲ್ ಅಂಡ್ ಹ್ಯಾಪಿ.’ ನೀವು ಅದನ್ನು ನಿಮ್ಮ ಬಟ್ಟೆ ಗಿರಣಿಯ ಕ್ಲಾರ್ಕನ ಹತ್ತಿರ ಓದಿಸಿಕೊಂಡು ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಉತ್ತರ ಹಾಕುತ್ತಿದ್ದಿರಿ: ‘ಊಟ ಸರಿಯಾಗಿ ಮಾಡು.’ ನನ್ನ ಕನ್ನಡ ಇನ್ನೂ ಅರ್ಧಂಬರ್ಧ. ತಪ್ಪಾದರೆ ಈಗ ತಿದ್ದುವವರು ಯಾರು?

ಬಿ.ಎಸ್ಸಿ. ಪರೀಕ್ಷೆ ಮುಗಿದ ದಿನ ನೀವು ಹಾಸಿಗೆಯ ಮೇಲೆ ಎದ್ದು ಕೂತು, ಕೆಮ್ಮಿನ ನಡುವೆಯೇ ಹೇಳಿದಿರಿ, “ಸಾಹೇಬರಿಗೆ ಹೇಳಿ ನಮ್ಮ ಗಿರಣಿ ಲ್ಯಾಬಿನಾಗ ಸೇರಸ್ತೀನಿ.” ಆಮೇಲೆ ಎರಡು ತಿಂಗಳೂ ಇರಲಿಲ್ಲ ನೀವು. ನಾನು ಲ್ಯಾಬಿಗೆ ಹೋಗಲಿಲ್ಲ ಅಪ್ಪಾ, ಎಂ.ಎಸ್ಸಿ. ಸೇರಿದೆ. ಹೊಸ ಕೋರ್ಸು, ನಮ್ಮದೇ ಮೊದಲ ಬ್ಯಾಚು. ಪರಿಸರ ವಿಜ್ಞಾನ. “ಹಂಗಂದ್ರ?” ಅಂದಳು ಅವ್ವ. ಗಾಳಿ, ನೀರು, ಮಣ್ಣು ಅಂದೆ. “ಅದರಾಗ ಏನ್ ಕಲಿಯೂದೈತಿ? ಎಲ್ಲಾ ಕಡಿ ಬಿದ್ದೈತಲ್ಲ.” ಸಯನ್‌ನಿಂದ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ನಿಂತೇ ಬರುತ್ತೇನೆ. ಲೆಕ್ಚರ್ ಅರ್ಧ ತಲೆಗೆ ಹತ್ತುವುದಿಲ್ಲ. ಕೇಳಲು ಹೆದರಿಕೆ. ಸಾಕಾಗಿಬಿಟ್ಟಿದೆ.

ದಾದರ್ ಸ್ಟೇಷನ್ನು ನೆನಪಿದೆಯೇ? ನನಗೆ ಹನ್ನೆರಡು ವರ್ಷ, ರಜೆಗೆ ಬಂದಿದ್ದೆ. ನೀವು ಬಾಯ್ಲರ್ ಖಾತೆಯಿಂದ, ಮುಖ ಕೂಡ ತೊಳೆಯದೆ, ನೇರವಾಗಿ ಓಡಿ ಬಂದಿದ್ದಿರಿ. ಮೂಗು ಒರೆಸಿಕೊಂಡ ಕರವಸ್ತ್ರ ಕರ್ರಗೆ. “ನೋಡವಾ, ಗಿರಣಿ ನನಗ ಕಾಡಿಗಿ ಹಚ್ಚಿ ಕಳಿಸೇತಿ,” ಎಂದು ನಕ್ಕು ಕೈ ಚಾಚಿದಿರಿ. ನಾನು ಬಿಳಿ ಯೂನಿಫಾರ್ಮ್ ಹಿಂದಕ್ಕೆ ಎಳೆದುಕೊಂಡು “ಡರ್ಟಿ” ಅಂದೆ. ಆ ಒಂದು ಇಂಗ್ಲಿಷ್ ಶಬ್ದ ನಿಮಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ, ಅಲ್ಲವೇ? ಆಮೇಲೆ ಮನೆಯ ತನಕ ನನ್ನ ಟ್ರಂಕನ್ನು ಹೊತ್ತು ಎರಡು ಹೆಜ್ಜೆ ಹಿಂದೆಯೇ ನಡೆದಿರಿ...

ಮೂರೂವರೆ ತಿಂಗಳ ಹಿಂದೆ ಸರ್ ನಮಗೆಲ್ಲ ಒಂದೊಂದು ಗಾಜಿನ ಬರಣಿ ಕೊಟ್ಟರು. ಅದರಲ್ಲಿ ನೀರು ಹಾಕಿ ಗಚ್ಚಿಯ ಮೇಲೆ, ಅಂದರೆ ತಾರಸಿಯಲ್ಲಿ, ತಿಂಗಳಿಡೀ ಇಡುವುದು. ಗಾಳಿಯಿಂದ ಬಿದ್ದ ಮಸಿ, ಧೂಳನ್ನು ಒಣಗಿಸಿ ತೂಗುವುದು. ಹೀಗೆ ಮೂರು ತಿಂಗಳು. ಹಕ್ಕಿ ಬಾಯಿ ಹಾಕಬಾರದೆಂದು ಮೇಲೆ ತಂತಿಯ ಜಾಳಿಗೆ. ಗೆಳತಿ ಸುಧಾಳದು ಮಲಾಡ್‌ನಲ್ಲಿ, ಇನ್ನೊಬ್ಬನದು ಬೊರಿವಲಿಯಲ್ಲಿ, ನನ್ನದು ನಮ್ಮ ಬಿಲ್ಡಿಂಗಿನ ಮೇಲೆ, ನೀವು ಸಂಜೆ ಗಾಳಿಗೆ ಕೂಡುತ್ತಿದ್ದ ಕಟ್ಟೆಯ ಪಕ್ಕ. ಮೊದಲ ತಿಂಗಳು ಸರಿಹೋಯಿತು. ಎರಡನೆಯ ತಿಂಗಳ ಕೊನೆಯ ದಿನ ಹತ್ತಿ ನೋಡುತ್ತೇನೆ, ಬರಣಿ ಫಳಫಳ! ಒಳಗೆ ನಲ್ಲಿಯ ತಿಳಿನೀರು. ಜಾಳಿಗೆ ಮೂಲೆಯಲ್ಲಿ ಬಿದ್ದಿತ್ತು.

“ಅವ್ವಾ, ಇದನ್ನ ಯಾರ್ ತೊಳದ್ರು?”

“ನಾನ. ಎಷ್ಟ್ ಹೊಲಸಾಗಿತ್ತು ನೀರು! ಕಾಗಿಗೆ ಹಂತಾದ್ದ ಇಡ್ತಾರೇನು? ಮ್ಯಾಲೆ ಜಾಳಿಗಿ ಬ್ಯಾರೆ ಹಾಕೀದಿ. ನಿಮ್ಮಪ್ಪ ಹೆಂಗ ಕುಡೀಬೇಕು?”

ನೀವು ಹೋದಾಗಿನಿಂದ ಅವಳು ದಿನಾ ನಿಮ್ಮ ಪಾಲಿನ ತುತ್ತನ್ನು ಗಚ್ಚಿಯ ಮೇಲೆ ಕಾಗೆಗೆ ಇಡುತ್ತಾಳೆ. ಮಗಳು ನೀರು ಇಟ್ಟಿದ್ದಾಳೆ ಅಂದುಕೊಂಡಿದ್ದಳು ಪಾಪ. ನಾನು ಚೀರಾಡಿಬಿಟ್ಟೆ. ಬರಣಿ ಒರೆಸಿದ ಬಟ್ಟೆ ತಂದು ತೋರಿಸಿದಳು. ನಿಮ್ಮ ಹಳೆಯ ಧೋತರದ ತುಂಡು. ಅದರ ಮೇಲೆ ಅದೇ ಕಪ್ಪು, ದಾದರ್ ಸ್ಟೇಷನ್ನಿನ ಕರವಸ್ತ್ರದ ಕಪ್ಪು.

ಲೋಕಲ್‌ನಲ್ಲಿ ಸುಧಾಗೆ ಹೇಳಿದೆ. “ಅರೇ, ಲಿಖ್ ದೇ ನಾ ಕುಛ್ ಭೀ,” ಅಂದಳು, ಏನಾದರೊಂದು ಬರೆದುಬಿಡು ಅಂತ. “ನಿಮ್ಮಪ್ಪ ಬಂದು ತೂಗಿ ನೋಡ್ತಾರಾ?” ತಮಾಷೆಗೇ ಅಂದಿದ್ದು. ರಿಪೋರ್ಟ್ ಅಪೂರ್ಣವಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹೋಗುತ್ತದೆ. ರಿಪೋರ್ಟಿನ ಟೇಬಲ್ಲಿನಲ್ಲಿ ಎರಡನೆಯ ತಿಂಗಳ ಚೌಕದೊಳಗೆ ಪೆನ್ಸಿಲ್‌ನಿಂದ ಒಂದು ಅಂಕಿ ಬರೆದೆ. ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಅದು ನಿಮ್ಮ ಎದೆಯೊಳಗೆ ಹೋದ ಮಸಿ ಅಪ್ಪಾ. ಅದನ್ನು ಅಂದಾಜಿನಲ್ಲಿ ಹೇಗೆ ಬರೆಯಲಿ? ಅಳಿಸಿ, ಅಳತೆ ಇಲ್ಲವೆಂದು ಗೆರೆ ಎಳೆದೆ.

ರಿಪೋರ್ಟ್ ಹಿಡಿದು ಸರ್ ಮುಂದೆ ನಿಂತೆ. ಎಲ್ಲ ಹೇಳಿದೆ, ಕಾಗೆಯನ್ನೂ ಸೇರಿಸಿ. ಅವರು ನಗಲಿಲ್ಲ. “ಕಳೆದದ್ದು ಕಳೆದದ್ದೇ, ಗೆರೆ ಹಾಗೇ ಇರಲಿ. ಒಂದು ತಿಂಗಳು ಹೆಚ್ಚಿಗೆ ಇಡು. ಪರೀಕ್ಷೆಯದು ನಾನು ಕೇಳಿ ನೋಡ್ತೀನಿ, ಮಾತು ಕೊಡೋದಿಲ್ಲ,” ಎಂದರು. ಕೂರಿಸುತ್ತಾರೋ ಇಲ್ಲವೋ ಇನ್ನೂ ಗೊತ್ತಿಲ್ಲ. ಗೆರೆಯನ್ನು ಮಾತ್ರ ಶಾಯಿಯಲ್ಲಿ ತಿದ್ದಿದ್ದೇನೆ.

ಇವತ್ತು ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಇದ್ದದ್ದು ಅವ್ವನಿಗೆ ತಿಳಿಯಲಿಲ್ಲ. ಬರಣಿಗೆ ಜಾಳಿಗೆ ಬಿಗಿದು, ಮಾರು ದೂರದಲ್ಲಿ ಒಂದು ಮಣ್ಣಿನ ಬೋಗುಣಿ ತುಂಬ ನೀರಿಟ್ಟಿದ್ದಾಳೆ. ಜಾಳಿಗೆಯ ಮೇಲೆ ಕಾಗೆಯೊಂದು ಬಂದು ಕೂತಿತು. ಅವಳು ಓಡಿಸಲಿಲ್ಲ. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು, “ಅದು ಮಗಳ ಪರೀಕ್ಷಾದ್ದು. ನಿಮ್ಮದು ಈ ಕಡಿ ಐತಿ, ಬರ್ರಿ.”

ಬರಣಿ ಇಳಿಸಲು ಇನ್ನು ಹದಿನೆಂಟು ದಿನ ಅಪ್ಪಾ. ಅವಳು ಹೇಳಿದ ಕಡೆಗೇ ಕೂತುಕೊಳ್ಳಿ. ನಾನೂ ಬಂದು ಪಕ್ಕದಲ್ಲೇ ಕೂಡುತ್ತೇನೆ.

ನಿಮ್ಮ ಮಗಳು